ಚಾಲ್ತಿಯಲ್ಲಿಲ್ಲದ ಸಂಖ್ಯೆ: ಕಂಪನಿಗೆ ಗೊತ್ತಿರುವುದು, ಕರೆ ಮಾಡಿದವರಿಗೆ ಕೇಳಿಸುವುದು

2025ರ ಜೂನ್ ಕೊನೆಯಲ್ಲಿ ಛತ್ತೀಸ್‌ಗಢದ ಗರಿಯಾಬಂದ್ ಜಿಲ್ಲೆಯ ಹಳ್ಳಿಯೊಂದರ ಯುವಕ ಹೊಸ ಸಿಮ್ ಕೊಂಡು ವಾಟ್ಸ್‌ಆ್ಯಪ್ ತೆರೆದಾಗ ಅದರಲ್ಲಿ ಆಗಲೇ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ನಾಯಕ ರಜತ್ ಪಾಟೀದಾರ್ ಅವರ ಭಾವಚಿತ್ರವಿತ್ತು. ಸ್ವಲ್ಪ ದಿನಗಳಲ್ಲೇ ಕರೆಗಳು ಬರತೊಡಗಿದವು. ಒಬ್ಬರು ತಾವು ವಿರಾಟ್ ಕೊಹ್ಲಿ ಎಂದರು, ಮತ್ತೊಬ್ಬರು ಎ.ಬಿ. ಡಿವಿಲಿಯರ್ಸ್ ಎಂದರು. ಯಾರೋ ಆಟ ಆಡಿಸುತ್ತಿದ್ದಾರೆಂದು ತಿಳಿದ ಹುಡುಗರು ತಾವು ಧೋನಿ ಎಂದು ಉತ್ತರ ಕೊಟ್ಟರು. ಪಾಟೀದಾರ್ ಅವರೇ ಕರೆ ಮಾಡಿ ಸಂಖ್ಯೆ ತಮ್ಮದೆಂದು ಹೇಳಿದಾಗಲೂ ನಂಬದ ಅವರು, ಪೊಲೀಸರು ಮನೆ ಬಾಗಿಲಿಗೆ ಬಂದ ಮೇಲೆ ನಂಬಿದರು, ಸಿಮ್ ಹಿಂದಿರುಗಿಸಿದರು.

ನಗಿಸುವ ಈ ಪ್ರಸಂಗದಲ್ಲಿ ನಿಯಮ ಮೀರಿದವರು ಯಾರೂ ಇಲ್ಲ ಎಂಬುದೇ ಗಮನಿಸಬೇಕಾದ ಸಂಗತಿ. 90 ದಿನ ಬಳಕೆಯಾಗದ ಸಂಖ್ಯೆಯನ್ನು ಕಂಪನಿ ನಿಷ್ಕ್ರಿಯಗೊಳಿಸಿತು, ಕಾಯಬೇಕಾದ ಅವಧಿ ಮುಗಿದ ಮೇಲೆ ಮತ್ತೊಬ್ಬರಿಗೆ ಕೊಟ್ಟಿತು. ಕಾನೂನಿನ ದೃಷ್ಟಿಯಲ್ಲಿ ಎರಡೂ ಸರಿ. ಆದರೆ ಮೊದಲಿನವರ ಕೈಯಿಂದ ಜಾರಿ ಎರಡನೆಯವರ ಕೈ ಸೇರುವ ನಡುವಿನ ತಿಂಗಳುಗಳಲ್ಲಿ ಆ ಸಂಖ್ಯೆಗೆ ಕರೆ ಮಾಡಿದವರಿಗೆ ಏನು ಕೇಳಿಸಿರುತ್ತದೆ? ಬಹುಶಃ ನಮಗೆಲ್ಲ ಬಾಯಿಪಾಠವಾಗಿರುವ, ನೀವು ಡಯಲ್ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ, ದಯವಿಟ್ಟು ಪರಿಶೀಲಿಸಿ ಎಂಬ ಧಾಟಿಯ ಒಂದು ವಾಕ್ಯ. ಸಂಖ್ಯೆಯೊಂದು ಒಬ್ಬರಿಂದ ಬಿಡುಗಡೆಯಾಗಿ ಇನ್ನೊಬ್ಬರಿಗೆ ಹೋಗಲು ಕಾದಿದೆ ಎಂಬ ಸುದ್ದಿ ಹೊರಜಗತ್ತಿಗೆ ತಲುಪಬಹುದಾದ ಏಕೈಕ ಸಾರ್ವಜನಿಕ ದಾರಿ ಆ ಧ್ವನಿಮುದ್ರಿತ ವಾಕ್ಯ. ಅದೇ ಆ ಸುದ್ದಿಯನ್ನು ಹೇಳುವುದಿಲ್ಲ.

ಇದು ಹೀಗೇಕೆ ಎಂದು ತಿಳಿಯಲು, ಕರೆಯ ಗುಂಡಿ ಒತ್ತಿದ ಮರುಕ್ಷಣ ಜಾಲದೊಳಗೆ ನಡೆಯುವುದನ್ನು ನೋಡಬೇಕಾಗುತ್ತದೆ. ಒಂದು ಕಾಲದಲ್ಲಿ ಕರ್ನಾಟಕದವರಿಗೆ ಸಂಖ್ಯೆಯ ಮೊದಲ ನಾಲ್ಕು ಅಂಕಿ ಕಂಡರೆ ಸಾಕಿತ್ತು: 9845 ಎಂದರೆ ಏರ್‌ಟೆಲ್, 9844 ಎಂದರೆ ಸ್ಪೈಸ್, 9886 ಎಂದರೆ ಹಚ್, 9448 ಎಂದರೆ ಬಿಎಸ್‌ಎನ್‌ಎಲ್. ಸ್ಪೈಸ್, ಹಚ್ ಎಂಬ ಹೆಸರುಗಳೇ ಈಗ ಉಳಿದಿಲ್ಲ. ಅದಕ್ಕಿಂತ ಮುಖ್ಯವಾಗಿ, ಸಂಖ್ಯೆ ಬದಲಿಸದೆ ಕಂಪನಿ ಬದಲಿಸುವ ಪೋರ್ಟಿಂಗ್ ಸೌಲಭ್ಯ 2011ರ ಜನವರಿ 20ರಂದು ದೇಶದಾದ್ಯಂತ ಜಾರಿಯಾದ ಮೇಲೆ ಆ ನಾಲ್ಕು ಅಂಕಿಗಳು ಸಂಖ್ಯೆ ಹುಟ್ಟಿದ ಮನೆಯನ್ನು ಹೇಳುತ್ತವೆಯೇ ಹೊರತು ಈಗ ಇರುವ ಮನೆಯನ್ನಲ್ಲ. ಹಾಗಾಗಿ ಕರೆ ಹೊರಟ ಕಡೆಯ ಜಾಲ ಮೊದಲು ಪೋರ್ಟಿಂಗ್ ದತ್ತಾಂಶವನ್ನು ವಿಚಾರಿಸಿ, ಈ ಸಂಖ್ಯೆಯನ್ನು ಸದ್ಯ ಯಾವ ಕಂಪನಿ ನೋಡಿಕೊಳ್ಳುತ್ತಿದೆ ಎಂದು ತಿಳಿದುಕೊಳ್ಳುತ್ತದೆ. ಆ ಕಂಪನಿಯ ಸ್ವಿಚ್, ಅಂದರೆ ಕರೆಗಳನ್ನು ಜೋಡಿಸುವ ಯಂತ್ರ, ಎಚ್‌ಎಲ್‌ಆರ್ ಎಂದು ಕರೆಯಲಾಗುವ ಚಂದಾದಾರರ ಮೂಲ ದಾಖಲೆಯನ್ನು ಕೇಳುತ್ತದೆ: ಈ ಸಂಖ್ಯೆ ಇದೆಯೇ, ಇದ್ದರೆ ಫೋನ್ ಎಲ್ಲಿದೆ, ಕರೆ ಸ್ವೀಕರಿಸಲು ಅನುಮತಿ ಇದೆಯೇ. ಈ ವಿಚಾರಣೆಗೆಲ್ಲ ಒಂದೆರಡು ಸೆಕೆಂಡು ಸಾಕು.

ಕರೆ ಕೂಡಿಬರದಿದ್ದರೆ ಏಕೆ ಬರಲಿಲ್ಲ ಎಂಬುದನ್ನು ಯಂತ್ರಗಳು ಪರಸ್ಪರ ಅಂಕಿಗಳಲ್ಲಿ ಹೇಳಿಕೊಳ್ಳುತ್ತವೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಕ್ಯೂ.850 ಎಂಬ ಶಿಫಾರಸಿನಲ್ಲಿ ಈ ಕಾರಣಗಳ ಪಟ್ಟಿಯಿದೆ. ಅದರಲ್ಲಿ 1 ಎಂದರೆ ಯಾರಿಗೂ ಹಂಚಿಕೆಯಾಗಿರದ ಸಂಖ್ಯೆ, 17 ಎಂದರೆ ಬೇರೆ ಕರೆಯಲ್ಲಿದ್ದಾರೆ, 20 ಎಂದರೆ ಚಂದಾದಾರರು ಸದ್ಯ ಜಾಲದಲ್ಲಿಲ್ಲ, 22 ಎಂದರೆ ಸಂಖ್ಯೆ ಬದಲಾಗಿದೆ, 27 ಎಂದರೆ ತಲುಪಬೇಕಾದ ಕಡೆ ಕೆಟ್ಟಿದೆ, 34 ಎಂದರೆ ಮಾರ್ಗ ಖಾಲಿ ಇಲ್ಲ. ಇಂದಿನ 4ಜಿ ಧ್ವನಿಕರೆಗಳು ಇಂಟರ್‌ನೆಟ್ ಮಾದರಿಯ ಭಾಷೆಯಲ್ಲಿ ನಡೆಯುವುದರಿಂದ ಅಲ್ಲಿ ಬೇರೆ ಅಂಕಿಗಳಿವೆ. ಅವುಗಳಲ್ಲಿ ಎರಡು ನಮ್ಮ ಚರ್ಚೆಗೆ ಬಹಳ ಹತ್ತಿರದವು. ಜಾಲತಾಣ ಸಿಗದಾಗ ಪರದೆಯ ಮೇಲೆ ಕಾಣುವ 404 ಇಲ್ಲಿಯೂ ಇದೆ, ಅದರ ಅರ್ಥ ಹುಡುಕಿದ್ದು ಸಿಗಲಿಲ್ಲ ಎಂದು. 410 ಎಂಬುದು ಇನ್ನೊಂದು, ಅದರ ಅರ್ಥ ಇಲ್ಲಿ ಇದ್ದದ್ದು ಹೋಗಿದೆ, ಮರಳಿ ಬರುವ ನಿರೀಕ್ಷೆಯಿಲ್ಲ, ಹೊಸ ವಿಳಾಸವೂ ಗೊತ್ತಿಲ್ಲ ಎಂದು. ಎಂದೂ ಇರದಿದ್ದುದಕ್ಕೂ ಇದ್ದು ಹೋದುದಕ್ಕೂ ಇರುವ ವ್ಯತ್ಯಾಸವನ್ನು ಯಂತ್ರದ ಭಾಷೆ ಹೀಗೆ ಗುರುತಿಸಿದೆ. ನಮಗೆ ಕೇಳಿಸುವ ಮನುಷ್ಯರ ಭಾಷೆಯಲ್ಲಿ ಈ ವ್ಯತ್ಯಾಸ ಮಾಯವಾಗಿರುತ್ತದೆ.

ಕಂಪನಿಗಳ ಪರವಾಗಿ ಇಲ್ಲೊಂದು ಮಾತು ಹೇಳಬೇಕು. ಸಂಖ್ಯೆ ನಿಷ್ಕ್ರಿಯವಾಗಿ ಚಂದಾದಾರರ ದಾಖಲೆಯಿಂದ ಅಳಿಸಿಹೋದ ಮೇಲೆ ಸ್ವಿಚ್‌ನ ಮಟ್ಟಿಗೆ ಅದೂ, ಎಂದೂ ಮಾರಾಟವಾಗದ ಸಂಖ್ಯೆಯೂ ಒಂದೇ. ಎರಡಕ್ಕೂ ಅದರ ಉತ್ತರ ಗೊತ್ತಿಲ್ಲ ಎಂಬುದೇ. ಆದರೆ ಸ್ವಿಚ್ ಮರೆತರೂ ಕಂಪನಿ ಮರೆತಿರುವುದಿಲ್ಲ. ಯಾವ ಸಂಖ್ಯೆ ಮಾರಾಟಕ್ಕಿದೆ, ಯಾವುದು ಬಳಕೆಯಲ್ಲಿದೆ, ಯಾವುದು ಕಾಯುವ ಅವಧಿಯಲ್ಲಿದೆ ಎಂಬ ದಾಸ್ತಾನು ಲೆಕ್ಕ ಕಂಪನಿಯ ಬಳಿ ಇರಲೇಬೇಕು, ಇಲ್ಲವಾದರೆ 90 ದಿನಗಳ ನಿಯಮ ಪಾಲಿಸುವುದೇ ಅಸಾಧ್ಯ. ಆ ಲೆಕ್ಕವನ್ನು ಧ್ವನಿಸಂದೇಶಕ್ಕೆ ಜೋಡಿಸುವುದು ತಾಂತ್ರಿಕವಾಗಿ ದೊಡ್ಡ ಸಾಹಸವಲ್ಲ. ಕಟ್ಟಬೇಕಾದ್ದು ಒಂದು ಸಣ್ಣ ಸೇತುವೆ, ಅದನ್ನು ಕಟ್ಟಲು ಯಾರಿಗೂ ಒತ್ತಡವಿಲ್ಲ.

ಒತ್ತಡ ಇಲ್ಲದಿರುವುದಕ್ಕೆ ಒಂದು ಕಾರಣ, ಈ ಸಂದೇಶಗಳಿಂದ ಯಾರ ಜೇಬಿಗೂ ಲಾಭನಷ್ಟವಿಲ್ಲ ಎಂಬುದು. ಕರೆಯ ದರ ಶುರುವಾಗುವುದು ಆ ಕಡೆಯವರು ಕರೆ ಸ್ವೀಕರಿಸಿದರು ಎಂಬ ಸಂಕೇತ ಬಂದ ಮೇಲೆ. ಧ್ವನಿಮುದ್ರಿತ ಸಂದೇಶವನ್ನು ಆ ಸಂಕೇತ ಕಳಿಸದೆಯೇ ಕೇಳಿಸಲಾಗುತ್ತದೆ. ಹಾಗಾಗಿ ನಾವು ಅದಕ್ಕೆ ದುಡ್ಡು ಕೊಡುವುದಿಲ್ಲ, ಕಂಪನಿಗಳು ಅದರ ಮೇಲೆ ಹೆಚ್ಚು ತಲೆ ಕೆಡಿಸಿಕೊಳ್ಳುವುದೂ ಇಲ್ಲ. ಪರಿಣಾಮವಾಗಿ ಹತ್ತಾರು ಕಾರಣಗಳು ಮೂರು ನಾಲ್ಕು ವಾಕ್ಯಗಳಲ್ಲಿ ಅಡಗಿಹೋಗಿವೆ.

ಆ ವಾಕ್ಯಗಳಲ್ಲಿಯೂ ಕೆಲವು ನಾವಂದುಕೊಂಡಷ್ಟು ಖಚಿತವಲ್ಲ. ಸ್ವಿಚ್ ಆಫ್ ಆಗಿದೆ ಎಂಬುದಕ್ಕೂ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬುದಕ್ಕೂ ಇರುವ ವ್ಯತ್ಯಾಸವನ್ನೇ ನೋಡಿ. ಫೋನನ್ನು ಕ್ರಮವಾಗಿ ಆಫ್ ಮಾಡಿದರೆ ಅದು ಆರುವ ಮುನ್ನ ಹತ್ತಿರದ ಗೋಪುರಕ್ಕೆ ತಾನು ಹೊರಟೆ ಎಂಬ ಸಂಕೇತ ಕಳಿಸುತ್ತದೆ, ಜಾಲ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಬ್ಯಾಟರಿ ಕಿತ್ತರೆ, ಫೋನ್ ಬಾವಿಗೆ ಬಿದ್ದರೆ, ಅಥವಾ ಆಗುಂಬೆ ಘಾಟಿಯ ತಿರುವಿನಲ್ಲಿ ಸಿಗ್ನಲ್ ಸತ್ತುಹೋದರೆ ಆ ಸಂಕೇತ ಹೋಗಿರುವುದಿಲ್ಲ. ಜಾಲ ಆ ಫೋನನ್ನು ಕೂಗಿ ಕೂಗಿ ಉತ್ತರ ಬರದಿದ್ದಾಗ ಹೊರಗಿದ್ದಾರೆ ಎನ್ನುತ್ತದೆ. ಸ್ವಿಚ್ ಆಫ್ ಎಂಬ ಸಂದೇಶ ಕೇಳಿ, ಬೇಕೆಂದೇ ಆಫ್ ಮಾಡಿಕೊಂಡಿದ್ದಾರೆ ಎಂದು ಸಾಲಗಾರನ ಮೇಲೆ ಸಿಟ್ಟಾಗುವವರು ಅರ್ಧ ಸರಿ, ಚಾರ್ಜ್ ಮುಗಿಯುತ್ತ ಬಂದು ಫೋನ್ ತಾನಾಗಿ ಆರಿದರೂ ಅದೇ ಸಂಕೇತ ಹೋಗಬಹುದು.

ಸಂದೇಶದ ಭಾಷೆಯೂ ಒಂದು ಮಾಹಿತಿಯೇ. ಬೆಂಗಳೂರಿನಿಂದ ದೆಹಲಿಯ ಸಂಖ್ಯೆಗೆ ಕರೆ ಮಾಡಿದಾಗ ಹಿಂದಿ ಕೇಳಿಸುವುದು, ಚೆನ್ನೈ ಸಂಖ್ಯೆಗೆ ತಮಿಳು ಕೇಳಿಸುವುದು ಸಾಮಾನ್ಯ, ಏಕೆಂದರೆ ಅನೇಕ ಸಲ ಸಂದೇಶವನ್ನು ನುಡಿಸುವುದು ಕರೆ ತಲುಪಬೇಕಾದ ಕಡೆಯ ಜಾಲ. ಹಳೆಯ 2ಜಿ ದಿನಗಳಲ್ಲಿ ಕರ್ನಾಟಕದ ಸಿಮ್ ಇಟ್ಟುಕೊಂಡವರು ಹೊರರಾಜ್ಯದಲ್ಲಿದ್ದಾಗ ಅಲ್ಲಿನ ಸ್ವಿಚ್ ತನ್ನ ಭಾಷೆಯಲ್ಲಿ ಮಾತಾಡಿಬಿಡುತ್ತಿತ್ತು. ಹುಬ್ಬಳ್ಳಿಯಲ್ಲಿದ್ದೇನೆ ಎಂದು ಹೇಳಿ ಹೋದವರ ಸಂಖ್ಯೆಗೆ ಮರಾಠಿ ಸಂದೇಶ ಕೇಳಿಬಂದರೆ ಮನೆಯಲ್ಲಿ ವಿಚಾರಣೆ ಕಾದಿರುತ್ತಿತ್ತು. ಇನ್ನು ಕೆಲವು ಸಲ ಆ ಕಡೆಯ ಜಾಲ ಬರೀ ಕಾರಣದ ಅಂಕಿ ಕಳಿಸಿ ಕರೆ ಕಡಿಯುತ್ತದೆ, ಆಗ ಕರೆ ಹೊರಟ ಕಡೆಯ ಕಂಪನಿ ತನ್ನದೇ ವಾಕ್ಯ ನುಡಿಸುತ್ತದೆ. ಒಂದೇ ಸಂಖ್ಯೆಗೆ ಎರಡು ಕಂಪನಿಗಳ ಫೋನಿನಿಂದ ಕರೆ ಮಾಡಿದರೆ ಎರಡು ಬೇರೆ ಕಾರಣ ಕೇಳಿಸುವುದುಂಟಲ್ಲ, ಅದರ ಗುಟ್ಟು ಇದು. ಕಾರಣ ಒಂದೇ, ಅನುವಾದಕರು ಬೇರೆ.

ಅನುವಾದಕರು ಯಾವಾಗಲೂ ನಿಷ್ಪಕ್ಷಪಾತಿಗಳು ಎನ್ನಲೂ ಆಗದು. 2016ರಲ್ಲಿ ಜಿಯೊ ಸೇವೆ ಆರಂಭಿಸಿದಾಗ ಅದರ ಚಂದಾದಾರರು ಬೇರೆ ಕಂಪನಿಗಳ ಸಂಖ್ಯೆಗೆ ಮಾಡಿದ ಕರೆಗಳು ಕಂಪನಿ ಕಂಪನಿಗಳ ನಡುವಿನ ಜೋಡಣೆ ಸಾಲದೆ ಭಾರಿ ಪ್ರಮಾಣದಲ್ಲಿ ವಿಫಲವಾದವು. ಜೋಡಣೆ ಸಾಕಷ್ಟು ಕೊಡಲಿಲ್ಲವೆಂದು ಏರ್‌ಟೆಲ್, ವೊಡಾಫೋನ್ ಮತ್ತು ಐಡಿಯಾ ಕಂಪನಿಗಳ ಮೇಲೆ ಒಟ್ಟು 3,050 ಕೋಟಿ ರೂಪಾಯಿ ದಂಡ ವಿಧಿಸುವಂತೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಶಿಫಾರಸು ಮಾಡಿತು. ಆ ದಿನಗಳಲ್ಲಿ ಫೋನ್ ಹಿಡಿದು ಕೂತವರಿಗೆ ಆ ಜಗಳದ ಸುಳಿವೂ ಕೇಳಿಸಲಿಲ್ಲ. ಮಾರ್ಗ ನಿಬಿಡವಾಗಿದೆ ಎಂಬ ಮಾತಿನ ಹಿಂದೆ ಅದು ಮರೆಯಾಗಿತ್ತು.

ಸ್ಥಿರ ದೂರವಾಣಿಯ ಕಥೆ ಇನ್ನೂ ವಿಚಿತ್ರ. ತಾಮ್ರದ ತಂತಿ ಎಲ್ಲೋ ತುಂಡಾಗಿದ್ದರೆ ವಿನಿಮಯ ಕೇಂದ್ರಕ್ಕೆ ಅದು ರಿಸೀವರ್ ಕೆಳಗಿಟ್ಟ ಫೋನಿನಂತೆಯೇ ಕಾಣುತ್ತದೆ, ಏಕೆಂದರೆ ಎರಡರಲ್ಲೂ ವಿದ್ಯುತ್ ಮಂಡಲ ತೆರೆದಿರುತ್ತದೆ. ಹಾಗಾಗಿ ಕರೆ ಮಾಡಿದವರಿಗೆ ಟ್ರಿಣ್ ಟ್ರಿಣ್ ಎಂದು ಗಂಟೆ ಕೇಳಿಸುತ್ತಲೇ ಇರುತ್ತದೆ, ಆ ಕಡೆ ಯಾವ ಗಂಟೆಯೂ ಬಾರಿಸುತ್ತಿರುವುದಿಲ್ಲ. ಎರಡು ತಂತಿಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ರಿಸೀವರ್ ಎತ್ತಿದಂತೆ ಕಂಡು ಎಂಗೇಜ್ ಸದ್ದು ಬರುತ್ತದೆ. ತಾಲ್ಲೂಕು ಕಚೇರಿಗೆ ಬೆಳಗ್ಗೆಯಿಂದ ಫೋನ್ ಮಾಡಿದರೂ ಯಾರೂ ಎತ್ತುವುದಿಲ್ಲ ಎಂಬ ದೂರುಗಳಲ್ಲಿ ಕೆಲವಾದರೂ ನೌಕರರ ಸೋಮಾರಿತನದ್ದಲ್ಲ, ರಸ್ತೆ ಅಗೆದ ಜೆಸಿಬಿಯದು. ಆದರೂ ಸ್ಥಿರ ದೂರವಾಣಿ ಒಂದು ವಿಷಯದಲ್ಲಿ ಇಂದಿನ ಮೊಬೈಲಿಗಿಂತ ಸಭ್ಯವಾಗಿತ್ತು. ಮನೆ ಬದಲಿಸಿ ಸಂಖ್ಯೆ ಬದಲಾದವರ ಹಳೆಯ ಸಂಖ್ಯೆಗೆ ಕರೆ ಮಾಡಿದರೆ, ಈ ದೂರವಾಣಿಯ ಸಂಖ್ಯೆ ಬದಲಾಗಿದೆ, ಹೊಸ ಸಂಖ್ಯೆ ಇಂತಿಷ್ಟು ಎಂದು ಕೇಳಿಸುವ ವ್ಯವಸ್ಥೆ ಇತ್ತು. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಏಳು ಅಂಕಿಯ ಸಂಖ್ಯೆಗಳ ಮುಂದೆ 2 ಸೇರಿ ಎಂಟಾದದ್ದು ನೆನಪಿರುವವರಿಗೆ ಆ ಧ್ವನಿಯೂ ನೆನಪಿರಬಹುದು. ಸಂದೇಶಕ್ಕೆ ಕರೆ ಮಾಡಿದವರನ್ನು ದಾರಿಗೆ ಹಚ್ಚುವ ಕೆಲಸವೂ ಇದೆ ಎಂಬ ತಿಳಿವಳಿಕೆ ಆಗ ಇತ್ತು.

ಇಷ್ಟು ಕಾಲ ಹೇಳಿದ್ದು ಇದೆ ಅಥವಾ ಇಲ್ಲ ಎಂಬ ಎರಡು ಸ್ಥಿತಿಗಳ ಬಗ್ಗೆ. ನಮ್ಮ ದೇಶದಲ್ಲಿ ಈಗ ಇವೆರಡರ ನಡುವೆ ಮೂರನೆಯದೊಂದಿದೆ. ರೀಚಾರ್ಜ್ ಮಾಡದಿದ್ದರೂ ಒಳಬರುವ ಕರೆ ಬರುತ್ತಲೇ ಇರುತ್ತಿದ್ದ, ಜೀವಮಾನದ ವ್ಯಾಲಿಡಿಟಿ ಎಂಬ ಕಾಲವೊಂದಿತ್ತು. 2018ರ ಕೊನೆಯಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ 35 ರೂಪಾಯಿಯಿಂದ ಶುರುವಾಗುವ ಕನಿಷ್ಠ ರೀಚಾರ್ಜ್ ಯೋಜನೆಗಳನ್ನು ತಂದ ಮೇಲೆ ಆ ಕಾಲ ಮುಗಿಯಿತು. ಅವಧಿ ತೀರಿದರೆ ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ಕೆಲವು ದಿನಗಳ ನಂತರ ಒಳಬರುವ ಕರೆಯೂ ನಿಲ್ಲುತ್ತದೆ. ಸಿಮ್ ಇನ್ನೂ ಅವರ ಹೆಸರಿನಲ್ಲೇ ಇದೆ, ಫೋನ್ ಕೈಯಲ್ಲೇ ಇದೆ, ಗೋಪುರದ ಸಂಪರ್ಕವೂ ಇದೆ. ಕರೆ ಮಾಡಿದವರಿಗೆ ಮಾತ್ರ ಈ ಸಂಖ್ಯೆಗೆ ಒಳಬರುವ ಕರೆಯ ಸೌಲಭ್ಯವಿಲ್ಲ ಎಂದೋ, ಸೇವೆ ತಾತ್ಕಾಲಿಕವಾಗಿ ಸ್ಥಗಿತವಾಗಿದೆ ಎಂದೋ ಕೇಳಿಸುತ್ತದೆ. ಹಳ್ಳಿಯಲ್ಲಿರುವ ತಾಯಿಗೆ ಬೆಂಗಳೂರಿನಿಂದ ಕರೆ ಮಾಡಿದ ಮಗ ಈ ಸಂದೇಶ ಕೇಳಿದರೆ ಗಾಬರಿಪಡುವ ಅಗತ್ಯವಿಲ್ಲ, ತಾನೇ ರೀಚಾರ್ಜ್ ಮಾಡಿದರಾಯಿತು. ಆದರೆ ಸಂದೇಶ ಅಷ್ಟನ್ನು ಬಿಡಿಸಿ ಹೇಳಬೇಕಲ್ಲ? ಕಂಪನಿಗೆ ಇದರಲ್ಲಿ ಲಾಭವೂ ಇರುವಾಗ ಇಂಥ ಸ್ಪಷ್ಟತೆ ಎಲ್ಲ ಕಡೆ ಏಕಿಲ್ಲ ಎಂಬುದು ನನಗೆ ಇಂದಿಗೂ ಒಗಟು.

ಈ ನಡುವಿನ ಸ್ಥಿತಿಯಿಂದ ಸಂಖ್ಯೆ ಕೊನೆಯ ಸ್ಥಿತಿಗೆ ಜಾರುವ ದಾರಿಯನ್ನು ಟ್ರಾಯ್‌ನ 2013ರ ಗ್ರಾಹಕ ಸಂರಕ್ಷಣಾ ನಿಯಮಗಳ ತಿದ್ದುಪಡಿ ನಿಗದಿಪಡಿಸಿದೆ. 90 ದಿನಗಳಿಗಿಂತ ಕಡಿಮೆ ಅವಧಿಯ ನಿಷ್ಕ್ರಿಯತೆಗೆ ಪ್ರೀಪೇಯ್ಡ್ ಸಂಖ್ಯೆಯನ್ನು ಕಿತ್ತುಹಾಕುವಂತಿಲ್ಲ. ಖಾತೆಯಲ್ಲಿ 20 ರೂಪಾಯಿ ಅಥವಾ ಹೆಚ್ಚು ಇದ್ದರೆ ಆ ಹಣದಿಂದಲೇ ಸಂಖ್ಯೆ ಉಳಿಯುವ ವ್ಯವಸ್ಥೆ ಇರಬೇಕು. ನಿಷ್ಕ್ರಿಯವಾದ ಮೇಲೂ 15 ದಿನ ಅದನ್ನು ಮರಳಿ ಪಡೆಯಲು ಅವಕಾಶ ಕೊಡಬೇಕು. ಇಲ್ಲಿ ಜನ ಎಡವುವುದು ವ್ಯಾಲಿಡಿಟಿ ಬೇರೆ, ಖಾತೆಯಲ್ಲಿನ ಹಣ ಬೇರೆ ಎಂಬ ಲೆಕ್ಕದಲ್ಲಿ. ಇಂದಿನ ಪ್ಯಾಕುಗಳಿಗೆ ಕೊಟ್ಟ ದುಡ್ಡು ಪೂರ್ತಿ ಪ್ಯಾಕಿಗೇ ಹೋಗುತ್ತದೆ, ಖಾತೆಯಲ್ಲಿ ಪುಡಿಗಾಸೂ ಉಳಿದಿರುವುದಿಲ್ಲ, ಆದ್ದರಿಂದ 20 ರೂಪಾಯಿಯ ರಕ್ಷೆ ಅನೇಕರಿಗೆ ಕಾಗದದ ಮೇಲಿನ ರಕ್ಷೆ. ಹೀಗೆ ಕಳಚಿಕೊಂಡ ಸಂಖ್ಯೆಯನ್ನು ಕನಿಷ್ಠ 90 ದಿನ ಯಾರಿಗೂ ಕೊಡಬಾರದು ಎಂಬುದು ದೂರಸಂಪರ್ಕ ಇಲಾಖೆಯ 2017ರ ಸೂಚನೆ. ಪೋರ್ಟ್ ಆದ ಸಂಖ್ಯೆಯಾದರೆ ಅದು ಕೊನೆಗೆ ತವರಿಗೆ, ಅಂದರೆ ಮೊದಲು ಹಂಚಿಕೆಯಾದ ಕಂಪನಿಗೆ ಮರಳಿ, ಅಲ್ಲಿಂದ ಹೊಸಬರ ಕೈ ಸೇರುತ್ತದೆ.

ಗಲ್ಫ್ ದೇಶಗಳಲ್ಲಿ ದುಡಿಯುವ ಕರಾವಳಿಯವರಿಗೆ ಈ ದಿನಗಳ ಲೆಕ್ಕ ಚೆನ್ನಾಗಿ ಗೊತ್ತು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವರು ಹಳೆಯ ಸಿಮ್ ಹಾಕಿ ನೋಡಿದರೆ ಜಾಲವೇ ಬಾರದು; ಬ್ಯಾಂಕಿನ ಒಟಿಪಿ, ಆಧಾರ್ ಜೋಡಣೆ ಎಲ್ಲವೂ ಆ ಸಂಖ್ಯೆಯಲ್ಲೇ ಇರುತ್ತವೆ. ಅನಿವಾಸಿ ಖಾತೆಗಳಿಗೆ ವಿದೇಶಿ ಸಂಖ್ಯೆಯಿಂದಲೇ ಯುಪಿಐ ಬಳಸಲು 2023ರ ಜನವರಿಯಲ್ಲಿ 10 ದೇಶಗಳಿಗೆ ಅವಕಾಶ ಸಿಕ್ಕಾಗ ಅದರಲ್ಲಿ ಸೌದಿ ಅರೇಬಿಯಾ, ಯುಎಇ, ಕತಾರ್, ಒಮಾನ್ ಇದ್ದುದು ಆಕಸ್ಮಿಕವಲ್ಲ.

ಹಳೆಯ ಸಂಖ್ಯೆಯನ್ನು ಮತ್ತೆ ಕೊಡಲೇಬೇಕೇ ಎಂದು ಕೇಳಬಹುದು. ಕೊಡದೆ ವಿಧಿಯಿಲ್ಲ. ದೇಶದಲ್ಲಿ 110 ಕೋಟಿಗೂ ಹೆಚ್ಚು ಮೊಬೈಲ್ ಸಂಪರ್ಕಗಳಿವೆ, ಒಂಬತ್ತರಿಂದ ಶುರುವಾಗಿದ್ದ ಸಂಖ್ಯೆಗಳು ಎಂಟಕ್ಕೆ, ಏಳಕ್ಕೆ, ಆರಕ್ಕೆ ಇಳಿದಾಗಿದೆ. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮುಂದೆ ಸೊನ್ನೆ ಒತ್ತಬೇಕೆಂದು ಮಾಡಿದ್ದೂ ಹೊಸ ಸಂಖ್ಯೆಗಳಿಗೆ ಜಾಗ ಮಾಡಲೆಂದೇ. ನಾಲ್ಕು ಅಂಕಿಯ ಒಂದು ಸರಣಿಯಲ್ಲಿ 10 ಲಕ್ಷ ಸಂಖ್ಯೆಗಳಷ್ಟೇ ಹಿಡಿಯುತ್ತವೆ. ಬಿಟ್ಟುಹೋದವನ್ನೆಲ್ಲ ಬೀಗ ಹಾಕಿ ಇಟ್ಟರೆ ಹತ್ತಂಕಿಯ ವ್ಯವಸ್ಥೆಯನ್ನೇ ಬದಲಿಸಬೇಕಾದೀತು.

ಸಂಖ್ಯೆ ಮರುಬಳಕೆಯ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿತ್ತು. ನಿಷ್ಕ್ರಿಯ ಸಂಖ್ಯೆಗಳನ್ನು ಹೊಸಬರಿಗೆ ಕೊಡದಂತೆ ಟ್ರಾಯ್‌ಗೆ ನಿರ್ದೇಶಿಸಬೇಕೆಂದು ವಕೀಲರೊಬ್ಬರು ಕೋರಿದ್ದ ಅರ್ಜಿಯನ್ನು 2023ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ಸಂಜೀವ್ ಖನ್ನಾ ಮತ್ತು ನ್ಯಾಯಮೂರ್ತಿ ಎಸ್.ವಿ.ಎನ್. ಭಟ್ಟಿ ಅವರ ಪೀಠ ಮುಂದುವರಿಸದೆ ಮುಗಿಸಿತು. 90 ದಿನ ಕಾಯಲಾಗುತ್ತದೆ, ಹಿಂದಿನ ಚಂದಾದಾರರು ತಮ್ಮ ಖಾಸಗಿತನ ಕಾಪಾಡಿಕೊಳ್ಳಲು ಕ್ರಮ ಕೈಗೊಳ್ಳಬೇಕು, ವಾಟ್ಸ್‌ಆ್ಯಪ್ ಖಾತೆಯನ್ನೂ ಉಳಿಸಿಟ್ಟ ದತ್ತಾಂಶವನ್ನೂ ಅಳಿಸಿ ದುರ್ಬಳಕೆ ತಡೆಯಬಹುದು ಎಂಬುದು ಪೀಠದ ನಿಲುವಿನ ಸಾರ. ಬೇಕೆಂದೇ ಸಂಖ್ಯೆ ಬಿಡುವವರ ವಿಷಯದಲ್ಲಿ ಇದು ನ್ಯಾಯವಾದ ಮಾತು. ಆದರೆ ಸಂಖ್ಯೆ ಕಳೆದುಕೊಳ್ಳುವವರಲ್ಲಿ ಬಿಟ್ಟವರಿಗಿಂತ ಬೇರೆ ಬಗೆಯವರೂ ಇದ್ದಾರೆ. ರೀಚಾರ್ಜ್ ಮರೆತ ವೃದ್ಧರು, ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದವರು, ತೀರಿಕೊಂಡವರು. ತೀರಿಕೊಂಡ ತಂದೆಯ ಫೋನನ್ನು ಬೀರುವಿನಲ್ಲಿಟ್ಟು ಮರೆತ ಮನೆಯವರು ವಾಟ್ಸ್‌ಆ್ಯಪ್ ಖಾತೆ ಅಳಿಸುವ ಯೋಚನೆ ಮಾಡುವುದಿಲ್ಲ. ವರ್ಷಾಂತರದ ದಿನ ಅಪ್ಪನ ಹೆಸರಿನ ಮುಂದೆ ಬೇರೊಬ್ಬರ ಮುಖ ಕಂಡಾಗಲೇ ಅವರಿಗೆ ಸಂಖ್ಯೆ ಕೈಬಿಟ್ಟುಹೋದದ್ದು ತಿಳಿಯುತ್ತದೆ.

ವಾಟ್ಸ್‌ಆ್ಯಪ್ ತನ್ನ ಕಡೆಯಿಂದ ಒಂದು ಲೆಕ್ಕ ಇಟ್ಟುಕೊಂಡಿದೆ: 45 ದಿನ ಬಳಕೆಯಾಗದ ಖಾತೆ ಬೇರೊಂದು ಫೋನಿನಲ್ಲಿ ಹೊಸದಾಗಿ ಸಕ್ರಿಯವಾದರೆ ಸಂಖ್ಯೆ ಕೈ ಬದಲಾಗಿದೆ ಎಂದು ತಿಳಿದು ಹಳೆಯ ಚಿತ್ರ, ಪರಿಚಯಗಳನ್ನು ಅಳಿಸುತ್ತದೆ. ಆದರೆ ಸಿಮ್ ಸತ್ತರೂ ವೈಫೈ ಇದ್ದರೆ ಹಳೆಯ ಫೋನಿನಲ್ಲಿ ವಾಟ್ಸ್‌ಆ್ಯಪ್ ನಡೆಯುತ್ತಲೇ ಇರಬಲ್ಲದು, ಆಗ ಈ ಲೆಕ್ಕ ತಪ್ಪುತ್ತದೆ. ಇಂಥ ಸಂದೇಶ ಸೇವೆಗಳು ಫೋನಿನಲ್ಲಿರುವ ಸಿಮ್‌ಗೆ ಸದಾ ಜೋಡಿಕೊಂಡಿರಬೇಕು ಎಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್ ಕೊನೆಯಲ್ಲಿ ನಿರ್ದೇಶನ ಕೊಟ್ಟಿತು. ವಂಚನೆ ತಡೆ ಅದರ ಉದ್ದೇಶವಾದರೂ ಸಂಖ್ಯೆಯ ಆಯುಸ್ಸಿಗೂ ಖಾತೆಯ ಆಯುಸ್ಸಿಗೂ ಇರುವ ಈ ಬಿರುಕು ಅದರ ವ್ಯಾಪ್ತಿಗೆ ಬರುತ್ತದೆ.

ಬ್ಯಾಂಕುಗಳ ಮಟ್ಟಿಗೆ ಪರಿಸ್ಥಿತಿ ಸುಧಾರಿಸಿದೆ ಎಂದೇ ಹೇಳಬೇಕು. ಕಡಿತಗೊಂಡ ಸಂಖ್ಯೆಗಳ ರದ್ದತಿ ಪಟ್ಟಿಯೊಂದನ್ನು ದೂರಸಂಪರ್ಕ ಇಲಾಖೆ ತನ್ನ ಡಿಜಿಟಲ್ ಇಂಟೆಲಿಜೆನ್ಸ್ ವೇದಿಕೆಯಲ್ಲಿ ಒದಗಿಸುತ್ತದೆ. ಅದನ್ನು ನೋಡಿ ಗ್ರಾಹಕರ ದಾಖಲೆ ಶುಚಿಮಾಡಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜನವರಿ 17ರ ಸುತ್ತೋಲೆಯಲ್ಲಿ ಬ್ಯಾಂಕುಗಳಿಗೆ ಹೇಳಿತು. ಯುಪಿಐ ನಡೆಸುವ ಸಂಸ್ಥೆಯು ಬ್ಯಾಂಕುಗಳೂ ಪಾವತಿ ಆ್ಯಪ್‌ಗಳೂ ವಾರಕ್ಕೊಮ್ಮೆಯಾದರೂ ಈ ಪಟ್ಟಿಯಂತೆ ತಮ್ಮ ದಾಖಲೆ ಪರಿಷ್ಕರಿಸಬೇಕೆಂದು 2025ರ ಮಾರ್ಚ್ 31ರ ಗಡುವು ಇಟ್ಟಿತು. ಅಮೆರಿಕದಲ್ಲಿಯೂ ಇಂಥದ್ದೇ ವ್ಯವಸ್ಥೆ 2021ರ ನವೆಂಬರ್‌ನಿಂದ ಇದೆ: ನಿರ್ದಿಷ್ಟ ದಿನಾಂಕದ ನಂತರ ಈ ಸಂಖ್ಯೆ ಶಾಶ್ವತವಾಗಿ ಕಡಿತವಾಗಿದೆಯೇ ಎಂದು ಕರೆ ಮಾಡುವ ಸಂಸ್ಥೆಗಳು ಕೇಳಿ ತಿಳಿಯಬಹುದು. ಅಲ್ಲಿ ಕಾಯುವ ಕನಿಷ್ಠ ಅವಧಿ ನಮ್ಮದರ ಅರ್ಧ, 45 ದಿನ. ಅದು ಎಷ್ಟು ಸಾಲದು ಎಂಬುದನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ತೋರಿಸಿದರು. ಎರಡು ದೊಡ್ಡ ಕಂಪನಿಗಳು ಹೊಸ ಗ್ರಾಹಕರಿಗೆ ಕೊಡಲು ಇಟ್ಟಿದ್ದ 259 ಸಂಖ್ಯೆಗಳನ್ನು ಅವರು ಪರೀಕ್ಷಿಸಿದಾಗ 171ಕ್ಕೆ ಹಿಂದಿನವರ ಜಾಲತಾಣ ಖಾತೆಗಳು ಇನ್ನೂ ಅಂಟಿಕೊಂಡಿದ್ದವು.

ಈ ಪಟ್ಟಿಗಳೆಲ್ಲ ಸಂಸ್ಥೆಗಳು ಸಂಸ್ಥೆಗಳಿಗೆ ಹೇಳಿಕೊಳ್ಳುವ ಸುದ್ದಿ. ಸಂಖ್ಯೆಯನ್ನು ಕೈಬರಹದ ಡೈರಿಯಲ್ಲಿ ಬರೆದಿಟ್ಟುಕೊಂಡ ನೆಂಟರಿಗೆ, ಅಂಗಡಿಯ ಫಲಕದಲ್ಲಿ ಕಂಡ ಗಿರಾಕಿಗೆ, ಶಾಲೆಯ ದಾಖಲೆಯಲ್ಲಿರುವ ಪೋಷಕರ ಸಂಖ್ಯೆಗೆ ಕರೆ ಮಾಡುವ ಶಿಕ್ಷಕರಿಗೆ ಯಾವ ಪಟ್ಟಿಯೂ ಸಿಗುವುದಿಲ್ಲ. ಅವರಿಗೆ ಇರುವುದು ಧ್ವನಿಸಂದೇಶ ಒಂದೇ, ಅದು ಅವರಿಗೆ ಹೇಳುವುದು ಸಂಖ್ಯೆ ಪರಿಶೀಲಿಸಿ ಎಂದು, ಅಂದರೆ ತಪ್ಪು ನಿಮ್ಮ ಬೆರಳಿನದು ಎಂದು. ಅವರು ಅದನ್ನು ನಂಬಿ ಎರಡು ಮೂರು ಸಲ ಒತ್ತಿ ನೋಡುತ್ತಾರೆ, ನಂತರ ಬಿಡುತ್ತಾರೆ, ಡೈರಿಯಲ್ಲಿ ಸಂಖ್ಯೆ ಹಾಗೆಯೇ ಉಳಿಯುತ್ತದೆ. ನಾಲ್ಕು ತಿಂಗಳ ನಂತರ ಅದೇ ಸಂಖ್ಯೆ ಬಾರಿಸಿದಾಗ ಮತ್ತೆ ಸರಿಯಾಯಿತು ಎಂದುಕೊಂಡು ಅಪರಿಚಿತರೊಂದಿಗೆ ಮನೆಯ ಮಾತು ಶುರುಮಾಡುತ್ತಾರೆ.

ಇದಕ್ಕೆ ಬೇಕಾದದ್ದು ಕಾಯುವ ಆ 90 ದಿನಗಳಿಗೆಂದೇ ಒಂದು ಪ್ರತ್ಯೇಕ ವಾಕ್ಯ ಎಂಬುದು ನನ್ನ ಅಭಿಪ್ರಾಯ: ನೀವು ಕರೆ ಮಾಡಿದ ಸಂಖ್ಯೆ ಹಿಂದಿನ ಚಂದಾದಾರರ ಬಳಿ ಈಗ ಇಲ್ಲ, ಮುಂದೆ ಬೇರೆಯವರಿಗೆ ನೀಡಲಾಗಬಹುದು. ಯಾರ ಹೆಸರನ್ನೂ ಹೇಳಬೇಕಿಲ್ಲ, ಹೊಸ ಸಂಖ್ಯೆ ಯಾವುದೆಂದು ಬಹಿರಂಗಪಡಿಸಬೇಕಿಲ್ಲ. ಇದಕ್ಕೆ ಒಂದು ಆಕ್ಷೇಪ ಬರಬಹುದು, ಸಂಖ್ಯೆ ಬಿಡುಗಡೆಯಾಗಲಿದೆ ಎಂದು ಎಲ್ಲರಿಗೂ ಸಾರಿದರೆ ವಂಚಕರು ಕಾದು ಕೂತು ಅದನ್ನೇ ಕೊಳ್ಳಬಹುದಲ್ಲ ಎಂದು. ಆಕ್ಷೇಪ ಹಗುರವಲ್ಲ. ಆದರೆ ಈಗಲೂ ದಿನಕ್ಕೊಮ್ಮೆ ಕರೆ ಮಾಡಿ ಅಸ್ತಿತ್ವದಲ್ಲಿಲ್ಲ ಎಂದು ಕೇಳಿಸಿಕೊಂಡ ವಂಚಕನಿಗೆ ಅಷ್ಟೇ ಮಾಹಿತಿ ಸಿಗುತ್ತದೆ. ಆ ವಾಕ್ಯದ ಅರ್ಥ ಅವನಿಗೆ ಗೊತ್ತು, ಗೊತ್ತಿಲ್ಲದಿರುವುದು ನೆಂಟರಿಗೆ ಮತ್ತು ಶಿಕ್ಷಕರಿಗೆ.

2025ರ ಫೆಬ್ರವರಿ 6ರಂದು ಟ್ರಾಯ್ ರಾಷ್ಟ್ರೀಯ ಸಂಖ್ಯಾ ಯೋಜನೆಯ ಪರಿಷ್ಕರಣೆಗೆ ಶಿಫಾರಸುಗಳನ್ನು ಕೊಟ್ಟಿತು. 90 ದಿನಗಳ ನಿಷ್ಕ್ರಿಯತೆಗೆ ಮುನ್ನ ಯಾವ ಸಂಪರ್ಕವನ್ನೂ ಕಡಿಯಬಾರದು, 365 ದಿನ ಬಳಕೆಯಾಗದಿದ್ದರೆ ಕಡಿಯಲೇಬೇಕು ಎಂಬುದು ಅದರಲ್ಲೊಂದು. ಅಂಕಿ ಅಂಕಿಗಳ ನಡುವಿನ ಈ ಚರ್ಚೆ ಬೇಕಾದದ್ದೇ, ಸಂಖ್ಯೆಗಳು ಪೋಲಾಗಬಾರದು ನಿಜ. ಆದರೆ ಕಡಿದ ಮೇಲೆ ಕರೆ ಮಾಡಿದವರ ಕಿವಿಗೆ ಬೀಳುವ ಮಾತು ಯಾವುದಿರಬೇಕು ಎಂಬುದು ಇನ್ನೂ ಕಂಪನಿಗಳ ವಿವೇಚನೆಗೆ ಬಿಟ್ಟ ವಿಷಯದಂತೆಯೇ ಇದೆ. ಗರಿಯಾಬಂದ್‌ನ ಹುಡುಗನ ಸಿಮ್‌ಗೆ ಮೊದಲಿನವರು ಪ್ರಸಿದ್ಧರಾಗಿದ್ದರಿಂದ ಪೊಲೀಸರು ಬಂದರು. ಹಾವೇರಿಯಲ್ಲೋ ಗಂಗಾವತಿಯಲ್ಲೋ ಹೊಸ ಸಿಮ್ ಕೊಂಡವರಿಗೆ ಬರುವುದು ಯಾರದೋ ಸಾಲದ ಕಂತು ಕೇಳುವ ಕರೆ, ಯಾರದೋ ಸಿಲಿಂಡರ್ ಬುಕಿಂಗಿನ ಸಂದೇಶ, ಬೆಳಗಿನ ಜಾವ ಯಾರದೋ ಅಜ್ಜಿ ತೀರಿಕೊಂಡ ಸುದ್ದಿ.